ಗಾಜಿನ ಮೇಲೆ ತೆಂಗಿನ ಹಾಲು

"ಒರೆಸ್ಬೇಡಿ."

ಅವನು ಅವಳಿಗೆ ಹೇಳಿದ ಮೊದಲ ಮಾತು ಅದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಸೆರಗಿನ ತುದಿ ಹಿಡಿದು ಕ್ಯಾಮೆರಾದ ಕಡೆ ಹೊರಟಿದ್ದ ಅವಳ ಕೈಯನ್ನು ನಡುವೆಯೇ ತಡೆದು, ಜಪಸರ ಎಣಿಸುತ್ತಾ ಮಾತಾಡುವವರ ಹಾಗೆ ಮೆಲ್ಲಗೆ ಹೇಳಿದ. "ದಯವಿಟ್ಟು ಒರೆಸ್ಬೇಡಿ. ಸೆರಗಿನಲ್ಲಿ ಜರಿ ಉಂಟು. ಕೋಟಿಂಗ್ ಹೋಗ್ತದೆ."

ಊರಿನಲ್ಲಾದರೆ ಅಂಗಳದ ಚಪ್ಪರದಡಿ ನಡೆಯುವ ರೋಸ್ ಶಾಸ್ತ್ರ ಬರ್ ದುಬೈಯ ಹೋಟೆಲೊಂದರ ಮಹಡಿಯ ಮೇಲೆ ನಡೆಯುತ್ತಿತ್ತು. ನಾಳೆ ಮದುವೆಯಾಗುವ ಜಾನಿಸ್‌ಳನ್ನು ನಡುವೆ ಕೂರಿಸಿ, ನೆಂಟರೆಲ್ಲ ಸಾಲಾಗಿ ಬಂದು ನೆತ್ತಿಗೆ ಎಣ್ಣೆ, ಕೆನ್ನೆಗೆ ತೆಂಗಿನ ಹಾಲು ಹಚ್ಚುತ್ತಿದ್ದರು. ಕಾರ್ಪೆಟ್ ಕೆಡದಿರಲೆಂದು ನೀಲಿ ಟಾರ್ಪಾಲು ಹಾಸಿತ್ತು. ಆದರೂ ಹೋಟೆಲಿನ ಮ್ಯಾನೇಜರ್ ಬಾಗಿಲಲ್ಲೇ ನಿಂತು, ಬೀಳುವ ಪ್ರತಿ ಹನಿಯ ದಾರಿ ನೋಡುತ್ತಿದ್ದ. ಮೂಲೆಯ ಕುರ್ಚಿಯಲ್ಲಿ ಎಲ್ಲರಿಗೂ ಚಿಕ್ಕಮ್ಮನಂತಿದ್ದ ರೊಸಲಿನ್ ಮಾವ್ಶಿ ಕಣ್ಣು ಮುಚ್ಚಿ ವೊವಿಯೊ ಹೇಳುತ್ತಿದ್ದರು. ಅಜ್ಜಿಯರ ಬಾಯಿಂದ ಬಂದ ಕೊಂಕಣಿ ಪದಗಳು ಅವು. ಮೊದಲ ಸಾಲು ಅವರದು, ಎರಡನೆಯದು ಎಲ್ಲ ಹೆಂಗಸರದು. ಅರ್ಥ ಇಷ್ಟು:

ತೆಂಗಿನ ಹಾಲ ಹೊಯ್ದೆವು ಮಗಳೆ, ತಲೆಯು ತಣ್ಣಗಿರಲಿ,
ನಾಳೆ ಬೇರೆ ಮನೆಯ ದೀಪ, ಬೆಳಕು ಸಣ್ಣಗಾಗದಿರಲಿ.

ಡೆಬೊರಾ ಜಾನಿಸ್‌ಳ ಚಿಕ್ಕಪ್ಪನ ಮಗಳು. ಅಂಗೈ ತುಂಬ ಎಣ್ಣೆ, ಹಾಲು ಮಾಡಿಕೊಂಡು ಅಕ್ಕನ ಮೂಗಿಗೆ ಗುರಿಯಿಟ್ಟಿದ್ದಳು. ಜಾನಿಸ್ ಮುಖ ತಪ್ಪಿಸಿದಳು. ಡೆಬೊರಾಳ ಹೆಬ್ಬೆರಳು ಹೋಗಿ ಕೂತದ್ದು, ಹತ್ತಿರದಿಂದ ಫೋಟೋ ತೆಗೆಯಲು ಬಗ್ಗಿದ್ದ ಫೋಟೋಗ್ರಾಫರನ ಲೆನ್ಸಿನ ನಟ್ಟನಡುವೆ.

"ನನಗೆ ಗೊತ್ತುಂಟು" ಎಂದಳು ಡೆಬೊರಾ, ಸೆರಗು ಬಿಟ್ಟು. ಮುಖ ಬಿಸಿಯಾಗಿತ್ತು.

"ಗೊತ್ತಿದ್ದೂ ಸೆರಗು ಹಿಡಿದ್ರಾ?"

"ಗಾಬರಿಯಾಯ್ತು ಮಾರಾಯ್ರೆ. ನಾನು ಅಬುಧಾಬಿಯಲ್ಲಿ ಆಪ್ಟಿಕಲ್ಸ್‌ನಲ್ಲಿ ಇರೋದು. ಕನ್ನಡಕದ ಕೋಟಿಂಗ್ ಬಗ್ಗೆ ಗಿರಾಕಿಗಳಿಗೆ ದಿನಾ ಲೆಕ್ಚರ್ ಕೊಡೋದೇ ನಾನು."

"ಹಾಗಾದ್ರೆ ನಿಮ್ಮ ಗಿರಾಕಿಗಳನ್ನು ದೇವರೇ ಕಾಪಾಡ್ಬೇಕು."

ನಗಲಿಲ್ಲ ಅವನು. ಲೆನ್ಸಿಗೆ ಮುಚ್ಚಳ ಹಾಕಿ, ಕಳಚಿ, ಚೀಲದಲ್ಲಿಟ್ಟು ಬೇರೆಯದನ್ನು ಸಿಕ್ಕಿಸಿಕೊಂಡು ತಿರುಗಿದ. ಅಂದು ಮತ್ತೆ ಅವಳ ಕಡೆ ನೋಡಲಿಲ್ಲ. ಅವಳು ಮಾತ್ರ ನೋಡಿದಳು: ಗಿಡ್ಡ ಕೂದಲು, ಕಿವಿಯ ಹಿಂದೆ ಒಂದು ಸಣ್ಣ ಮಚ್ಚೆ, ಕ್ಲಿಕ್ ಮಾಡುವ ಮುಂಚೆ ಉಸಿರು ಹಿಡಿಯುವ ಅಭ್ಯಾಸ.

"ಕೋಪಿಷ್ಠನಾ?" ಎಂದು ಜಾನಿಸ್‌ಳ ಕಿವಿಯಲ್ಲಿ ಕೇಳಿದಳು.

"ಆಸ್ವಾಲ್ಡಾ? ಇಲ್ಲಪ್ಪ. ಅವನು ನಗುವಿಗೂ ಕ್ಯಾಪ್ ಹಾಕಿ ಇಡ್ತಾನೆ, ಧೂಳು ಕೂರ್ತದೆ ಅಂತ."

*

ಮುಂದಿನ ಶನಿವಾರ ಅವಳು ಅಬುಧಾಬಿಯಿಂದ ಬಸ್ಸು ಹಿಡಿದು ಬಂದಳು. ಬ್ಯಾಗಿನಲ್ಲಿ ತನ್ನ ಅಂಗಡಿಯ ಮೈಕ್ರೋಫೈಬರ್ ಬಟ್ಟೆಗಳಿದ್ದವು. ಇದು ಬರೀ ಕ್ಷಮೆ ಕೇಳಲಿಕ್ಕೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಬರ್ ದುಬೈಯಲ್ಲಿ ಬಟ್ಟೆ ಅಂಗಡಿಗಳ ಸಾಲು ಮುಗಿದು, ಕ್ರೀಕಿನ ನೀರಿನ ವಾಸನೆ ಶುರುವಾಗುವಲ್ಲಿ ಝಿಯಾಉದ್ದೀನರ ಕ್ಯಾಮೆರಾ ಅಂಗಡಿ. ಝಿಯಾಉದ್ದೀನ್ ಭಟ್ಕಳದವರು, ಆಸ್ವಾಲ್ಡ್ ಪಕ್ಕದ ಬೈಂದೂರಿನವನು. ಊರಿನ ಸಮುದ್ರ ಒಂದೇ ಎಂದು ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದರು. ವಾರವಿಡೀ ಅಲ್ಲಿ ಲೆನ್ಸ್ ರಿಪೇರಿ, ರಜೆಯ ದಿನ ಮದುವೆ ಫೋಟೋ, ಇದು ಆಸ್ವಾಲ್ಡನ ಬದುಕು.

"ಆಸ್ವಾಲ್ಡ್, ಯಲ್ಲಾ, ಹೊರಗೆ ಬಾ" ಎಂದು ಕೂಗಿದರು ಝಿಯಾಉದ್ದೀನ್. "ನಿನ್ನನ್ನು ಕೇಳ್ಕೊಂಡು ಬಂದಿದ್ದಾರೆ. ಕಸ್ಟಮರ್ ಅಲ್ಲ. ಕೈಯಲ್ಲಿ ಕ್ಯಾಮೆರಾ ಇಲ್ಲ, ಮುಖದಲ್ಲಿ ಕಂಪ್ಲೇಂಟ್ ಇಲ್ಲ."

ಅವನು ಬಂದ. ಅವಳು ಬಟ್ಟೆಗಳನ್ನು ಕೌಂಟರಿನ ಮೇಲಿಟ್ಟಳು. "ಪ್ರಾಯಶ್ಚಿತ್ತ."

"ಒಗೆದದ್ದಾ?"

"ಹೊಸದು, ಮಾರಾಯ್ರೆ."

"ಹೊಸದನ್ನೂ ಒಮ್ಮೆ ಒಗೀಬೇಕು. ಕಂಫರ್ಟ್ ಗಿಂಫರ್ಟ್ ಹಾಕದೆ."

"ನಾನು ಗಿರಾಕಿಗಳಿಗೆ ಹೇಳುವ ಮಾತನ್ನು ನನಗೇ ಹೇಳ್ತೀರಲ್ಲ."

ಆಗ ನಕ್ಕ. ಇಡೀ ನಗು ಅಲ್ಲ. ತುಟಿಯ ಒಂದು ಮೂಲೆ ಮೇಲೆ ಹೋಗಿ, ಯಾರಾದರೂ ನೋಡಿದರೋ ಎಂದು ಪರೀಕ್ಷಿಸಿ ವಾಪಸು ಬಂತು. ಅವಳು ನೋಡಿದ್ದಳು.

"ನಾನು ಹಾಳು ಮಾಡಿದ ಲೆನ್ಸ್ ಎಲ್ಲಿ? ತನ್ನಿ, ನಾನೇ ಕ್ಲೀನ್ ಮಾಡಿ ಕೊಡ್ತೇನೆ."

"ಅದು ಸರಿ ಉಂಟು" ಎಂದ, ಸ್ವಲ್ಪ ಬೇಗನೇ. "ಬೇರೆ ತೋರಿಸ್ತೇನೆ, ಬನ್ನಿ."

ಯಾರದೋ ಮರುಭೂಮಿ ಸಫಾರಿಯ ಮರಳು ಕೂತ ಲೆನ್ಸನ್ನು ತಂದ. ಮೊದಲು ರಬ್ಬರಿನ ಬ್ಲೋವರಿನಿಂದ ಗಾಳಿ. ಬಾಯಿಂದ ಊದುವಂತಿಲ್ಲ, ಎಂಜಲು ಹಾರುತ್ತದೆ. ಆಮೇಲೆ ರೆಪ್ಪೆಯಷ್ಟು ಮೆತ್ತಗಿನ ಬ್ರಶ್. ಮರಳು ಪೂರ್ತಿ ಹೋದ ಮೇಲೆಯೇ ಟಿಶ್ಯೂ. ದ್ರವದ ಹನಿ ಟಿಶ್ಯೂವಿನ ಮೇಲೆ, ಗಾಜಿನ ಮೇಲೆ ಎಂದೂ ಅಲ್ಲ, ಅಂಚಿನಿಂದ ಒಳಗೆ ಇಳಿದೀತು. ನಡುವಿನಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ಅಂಚಿಗೆ. ಅವನ ಬೆರಳಿನಲ್ಲಿ ಒತ್ತಡವೇ ಇರಲಿಲ್ಲ. ನಿದ್ದೆಹೋದ ಮಗುವಿನ ಹಣೆಗೆ ಶಿಲುಬೆಯ ಗುರುತು ಹಾಕುವ ತಾಯಿಯ ಬೆರಳು ಹಾಗಿರುತ್ತದೆ.

"ಇಲ್ಲಿ ನೋಡಿ" ಎಂದು ಎರಡು ಲೆನ್ಸುಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ಝಿಯಾಉದ್ದೀನರ ಶೋಕೇಸಿನ ತುಂಬ ಹಳೆಯದು, ಕೋಟಿಂಗ್ ಇಲ್ಲದ ಕಾಲದ್ದು. ಅದರಲ್ಲಿ ಕಿಟಕಿ ಇತ್ತು, ಬೀದಿ ಇತ್ತು, ಕನ್ನಡಕ ಹಾಕಿದ ಅವಳ ಮುಖ ಕೂದಲಿನ ಕ್ಲಿಪ್ಪಿನ ಸಮೇತ ಇತ್ತು. ಇನ್ನೊಂದರಲ್ಲಿ ಏನೂ ಇರಲಿಲ್ಲ. ಬಾವಿಯ ಹಾಗೆ ಆಳ, ಮೇಲೆ ಪಾರಿವಾಳದ ಕೊರಳಿನ ನೇರಳೆ, ಹಸಿರು.

"ಇದರಲ್ಲಿ ನಾನು ಕಾಣೋದೇ ಇಲ್ಲ."

"ನೀವು ಒಳಗೆ ಹೋಗಿದ್ದೀರಿ" ಎಂದ. "ಅದರಲ್ಲಿ ಅರ್ಧ ವಾಪಸು ಬಂದಿರಿ. ಇದರಲ್ಲಿ ಬರ್ಲಿಲ್ಲ. ಅಷ್ಟೇ ವ್ಯತ್ಯಾಸ."

ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೇ ಕೇಳಿಸಿತು. ಕಿವಿ ಕೆಂಪಾಯಿತು. ಹೊರಗೆ ಝಿಯಾಉದ್ದೀನ್ ಅನಗತ್ಯವಾಗಿ ಕೆಮ್ಮಿದರು.

*

ಆಮೇಲಿನ ಶನಿವಾರಗಳಿಗೆ ನೆಪ ಬೇಕಾಗಲಿಲ್ಲ. ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟಿ, ಆಚೆ ದಡದಲ್ಲಿ ಕಾಗದದ ಕಪ್ಪಿನಲ್ಲಿ ಕರಕ್ ಚಹಾ ಕುಡಿದು, ಅದೇ ದೋಣಿಯಲ್ಲಿ ಈಚೆ ಬರುತ್ತಿದ್ದರು. ದೋಣಿಯಲ್ಲಿ ಅವನು ಕ್ಯಾಮೆರಾವನ್ನು ಅಂಗಿಯೊಳಗೆ ಮುಚ್ಚಿಕೊಳ್ಳುತ್ತಿದ್ದ, ಉಪ್ಪುನೀರು ಹಾರುತ್ತದೆಂದು.

"ಅಷ್ಟು ಜೋಪಾನ ಮಾಡಿದ್ರೆ ಫೋಟೋ ತೆಗೆಯೋದು ಯಾವಾಗ?" ಎಂದು ಅವಳು ಕೆಣಕುತ್ತಿದ್ದಳು. "ನನ್ನದು ಒಂದಾದ್ರೂ ತೆಗೆದಿದ್ದೀರಾ?"

"ತೆಗೀಬೇಕು."

"ಯಾವಾಗ?"

"ಬೆಳಕು ಸರಿಯಾದಾಗ."

"ದುಬೈಯಲ್ಲಿ ಬೆಳಕಿಗೆ ಬರಗಾಲವಾ?"

ಅವನು ನೀರು ನೋಡುತ್ತಿದ್ದ. ಅವನು ನೀರು ನೋಡುವುದನ್ನು ಅವಳು ನೋಡುತ್ತಿದ್ದಳು. ಭಾನುವಾರ ಅವಳು ಅಬುಧಾಬಿಯ ಚರ್ಚಿನ ಕೋಯರಿನಲ್ಲಿ ಹಾಡುವಾಗ, ಅವನು ಕೆಲವೊಮ್ಮೆ ಅಷ್ಟು ದೂರ ಬಂದು ಹಿಂದಿನ ಬೆಂಚಿನಲ್ಲಿ ಮೊಣಕಾಲೂರಿರುತ್ತಿದ್ದ. ಮಾತಾಡದೆ ಹೋಗುತ್ತಿದ್ದ. ಅವಳು ಆ ಹೊತ್ತಿನ ಸ್ವರವನ್ನು ಸ್ವಲ್ಪ ಮೇಲಕ್ಕೆ ಎತ್ತುತ್ತಿದ್ದಳು.

ಆಗಸ್ಟ್ ಬಂತು. ಒಂದು ಸಂಜೆ ಅಂಗಡಿಯ ಎಸಿಯಿಂದ ಹೊರಗೆ ಕಾಲಿಟ್ಟದ್ದೇ ಅವಳ ಕನ್ನಡಕ ಬೆಳ್ಳಗೆ ಮಂಜಾಯಿತು. ಒರೆಸಲು ತೆಗೆಯಹೋದಳು.

"ಕಾಯಿರಿ" ಎಂದ ಪಕ್ಕದಿಂದ. "ಗಾಜು ಇನ್ನೂ ತಣ್ಣಗುಂಟು. ಈಗ ಒರೆಸಿದ್ರೆ ಮತ್ತೆ ಬರ್ತದೆ, ಅದರ ಮೇಲೆ ಧೂಳು ಉಜ್ಜಿದ ಹಾಗೆ ಬೇರೆ. ಕಾದ್ರೆ ತಾನಾಗಿ ಹೋಗ್ತದೆ."

"ಅಷ್ಟರವರೆಗೆ ನಿಮ್ಮ ಮುಖ ಕಾಣೋದಿಲ್ಲ."

ಆ ಬಿಳಿಯ ಆಚೆಯಿಂದ ಅವನ ದನಿ ಬಂತು.

"ಕಾಣದಿರುವಾಗ್ಲೇ ಹೇಳ್ತೇನೆ. ನನಗೆ ಮದುವೆ ಆಗಿತ್ತು, ಡೆಬೊರಾ."

ಅವಳು ಅಲುಗಲಿಲ್ಲ. ಎಲ್ಲೋ ಒಂದು ಅಬ್ರಾದ ಎಂಜಿನ್ ಟಕಟಕ ಎಂದು ದೂರ ಹೋಯಿತು. ಅವನು ಹೇಳುತ್ತಾ ಹೋದ. ಊರಿನ ಚರ್ಚಿನಲ್ಲೇ ಆದ ಮದುವೆ. ಹುಡುಗಿಗೆ ಮನಸ್ಸಿರಲಿಲ್ಲ. ಕೆಲವೇ ತಿಂಗಳಲ್ಲಿ ಆಸ್ಟ್ರೇಲಿಯಾದ ಅಣ್ಣನ ಮನೆಗೆ ಹೋದವಳು ತಿರುಗಿ ಬರಲಿಲ್ಲ. ಕೋರ್ಟಿನಲ್ಲಿ ಡೈವೋರ್ಸ್ ಆಯಿತು. ಆದರೆ ಚರ್ಚಿನ ಲೆಕ್ಕದಲ್ಲಿ ಡೈವೋರ್ಸ್ ಎಂಬುದಿಲ್ಲ. ಆ ಮದುವೆ ಮೊದಲಿಂದಲೂ ಮದುವೆಯೇ ಆಗಿರಲಿಲ್ಲ ಎಂದು ಧರ್ಮಪ್ರಾಂತ್ಯದ ನ್ಯಾಯಪೀಠ ತೀರ್ಮಾನ ಕೊಡಬೇಕು. ಅರ್ಜಿ ಅಲ್ಲಿ ಕೂತಿದೆ.

"ಅದು ಬರುವ ತನಕ ನಾನು ನಿನಗೆ ಏನೂ ಹೇಳುವ ಹಾಗಿಲ್ಲ" ಎಂದ. 'ನೀವು' ಹೋಗಿ 'ನೀನು' ಬಂದದ್ದು ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿಯಿತು.

"ಏನೂ ಹೇಳುವ ಹಾಗಿಲ್ಲ ಅಂತ ಹೇಳಿದ್ರಲ್ಲ" ಎಂದಳು. "ಹೇಳಿದ ಹಾಗೇ ಆಯ್ತು ಅದು."

"ಕಾಯ್ತೀಯಾ?"

ಮಂಜು ಅಂಚಿನಿಂದ ಕರಗಿ ನಡುವಿಗೆ ಬರುತ್ತಿತ್ತು. ಮೊದಲು ಅವನ ಭುಜ ಕಂಡಿತು, ಆಮೇಲೆ ಕಿವಿ, ಕೊನೆಗೆ ಕಣ್ಣು. ಆ ಕಣ್ಣುಗಳು ಅವಳಿಂದ ಏನನ್ನೂ ಮುಚ್ಚಿಟ್ಟಿರಲಿಲ್ಲ.

"ಕಾಯ್ತೇನೆ" ಎಂದಳು.

*

ಕಾದಳು. ಒಂದು ಚಳಿಗಾಲ ಹೋಯಿತು, ಇನ್ನೊಂದು ಬಂತು. ಮನೆಯವರು ತಂದ ಸಂಬಂಧಗಳಿಗೆಲ್ಲ "ಈಗ ಬೇಡ" ಎಂದಳು. ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ತನ್ನ ಅಂಗಡಿಯಲ್ಲಿ ಕನ್ನಡಕದ ಪೆಟ್ಟಿಗೆ ಮುಚ್ಚುತ್ತಾ ಗಿರಾಕಿಗಳಿಗೆ ಹೇಳುತ್ತಿದ್ದಳು: ಕಂದೂರಾ ನಿಲುವಂಗಿಯ ಅಂಚಿನಿಂದ ಒರೆಸಬೇಡಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ, ಬಿಸಿಗೆ ಕೋಟಿಂಗ್ ಬಿರುಕು ಬಿಡುತ್ತದೆ. ಗ್ಯಾರೇಜಿನವನೊಬ್ಬ ಥಿನ್ನರಿನಿಂದ ಒರೆಸಿಕೊಂಡು ಬಂದಿದ್ದ. ಗಾಜಿನ ಮೇಲೆ ಜೇಡರ ಬಲೆ ಹಬ್ಬಿದಂತಿತ್ತು. "ಒರೆಸ್ಬಾರ್ದಿತ್ತು ನೀವು" ಎಂದು ಹೇಳುವಾಗ ಅವಳಿಗೆ ಇನ್ನೊಬ್ಬರ ದನಿ ನೆನಪಾಗಿ, ವಾಕ್ಯ ಅರ್ಧಕ್ಕೆ ನಿಂತಿತ್ತು.

ಒಂದು ಮಧ್ಯಾಹ್ನ ಬೈಂದೂರಿನಿಂದ ಪಾದ್ರಿಗಳ ಫೋನು ಬಂತು ಅವನಿಗೆ. ಮರುದಿನ ಅಬ್ರಾ ನಿಲ್ದಾಣದ ಕಲ್ಲಿನ ಮೇಲೆ ಕೂತು ಅವಳಿಗೆ ಹೇಳಿದ.

"ಆ ಮದುವೆ ಮದುವೆಯೇ ಅಂತೆ. ಸಾಕ್ಷಿ ಸಾಲ್ಲಿಲ್ಲ. ಅವಳು ಒಂದು ಉತ್ತರವನ್ನೂ ಕೊಡ್ಲಿಲ್ಲ."

"ಅಪೀಲು?"

"ಮಾಡ್ಬಹುದು. ಮತ್ತೆ ವರ್ಷಗಟ್ಟಲೆ. ಇದೇ ಉತ್ತರ ಬರ್ತದೆ ಅಂದ್ರು."

ಡೆಬೊರಾ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟಳು. ಬಹಳ ದಿನದಿಂದ ಬಾಯೊಳಗೆ ತಯಾರಾಗಿದ್ದ ಮಾತು ಅದು.

"ಅಬುಧಾಬಿಯಲ್ಲಿ ಕೋರ್ಟ್ ಉಂಟು. ನಮ್ಮಂಥವರಿಗೆ, ಚರ್ಚಿಲ್ಲದೆ ಮದುವೆ ಮಾಡಿಸ್ಲಿಕ್ಕೆ. ನಮ್ಮ ಅಂಗಡಿಯ ಫಿಲಿಪಿನೋ ಹುಡುಗಿ ಅಲ್ಲೇ ಮದುವೆ ಆದದ್ದು. ಲಂಚಿಗೆ ಹೋಗಿ ಬಂದ ಹಾಗೆ ಹೋಗಿ ಬಂದ್ಳು, ಕೈಯಲ್ಲಿ ಹೂವು ಹಿಡ್ಕೊಂಡು."

"ಭಾನುವಾರ?" ಎಂದ ಆಸ್ವಾಲ್ಡ್.

"ಭಾನುವಾರ ಎಂತ?"

"ಪರಮಪ್ರಸಾದಕ್ಕೆ ಎಲ್ಲರೂ ಏಳ್ತಾರೆ. ಚರ್ಚ್ ಒಪ್ಪದ ಮದುವೆ ಆದವರಿಗೆ ಅದು ಇಲ್ಲ. ನೀನು ಬೆಂಚಿನಲ್ಲೇ ಕೂರ್ಬೇಕು. ಕೋಯರಿಗೂ ಸೇರಿಸ್ಲಿಕ್ಕಿಲ್ಲ. ಒಂದು ವಾರ ಅಲ್ಲ, ಜೀವಮಾನ."

"ಕೂರ್ತೇನೆ."

"ನಾನು ನಿನ್ನನ್ನು ಕೂರಿಸೋದಿಲ್ಲ."

"ಅದು ನನ್ನ ಆತ್ಮ, ಆಸ್ವಾಲ್ಡ್. ನಿಮ್ಮ ಲೆನ್ಸ್ ಅಲ್ಲ."

ಅವನು ತಲೆ ತಗ್ಗಿಸಿದ. ಅವಳಿಗೆ ನಿಲ್ಲಿಸಲಾಗಲಿಲ್ಲ. "ಕೋಟಿಂಗ್ ಹಾಕೋದು ಯಾಕೆ, ನೀವೇ ಹೇಳಿದ್ದು. ಬೆಳಕು ಒಳಗೆ ಹೋಗ್ಲಿಕ್ಕೆ. ನೀವು ಕೋಟಿಂಗ್ ಕೆಡ್ತದೆ ಅಂತ ಮುಚ್ಚಳವನ್ನೇ ತೆಗೀದೆ ಕೂತಿದ್ದೀರಿ."

ದೋಣಿ ಬಂತು, ಜನ ಇಳಿದರು, ಜನ ಹತ್ತಿದರು, ದೋಣಿ ಹೋಯಿತು.

*

ಆ ವಾರ ಅವಳು ರೊಸಲಿನ್ ಮಾವ್ಶಿಯ ಫ್ಲಾಟಿಗೆ ಹೋದಳು. ಮಾವ್ಶಿ ಎಲ್ಲರ ಮನೆಯ ರೋಸಿನಲ್ಲಿ ವೊವಿಯೊ ಹೇಳುವವರು, ಆದರೆ ಯಾರ ತಲೆಗೂ ಎಣ್ಣೆ ಮುಟ್ಟಿಸುವುದಿಲ್ಲ. ವಿಧವೆ ಮುಟ್ಟಿಸಬಾರದೆಂದು ಹಿಂದಿನವರು ಹೇಳಿದ್ದನ್ನು ಅವರೇ ಪಾಲಿಸಿಕೊಂಡು ಬಂದಿದ್ದರು. ಡೆಬೊರಾ ಅಡುಗೆಮನೆಯ ಸ್ಟೂಲಿನಲ್ಲಿ ಕೂತು ಎಲ್ಲ ಹೇಳಿದಳು. ಮಾವ್ಶಿ ಮೀನಿಗೆ ಮಸಾಲೆ ಹಚ್ಚುತ್ತಾ ಕೇಳಿದರು.

"ನಿನ್ನ ಲೂರ್ದ್ ಬಾಪ್ಪು ಕೂಡ ಹಾಗೇ ಅಲ್ವಾ ಬಾಯೆ" ಎಂದರು ಕೊನೆಗೆ, ತೀರಿಹೋದ ಗಂಡನ ಮಾತೆತ್ತಿ. "ಮೊದಲನೆಯವಳು ಬಿಟ್ಟು ಹೋದವಳು. ನಾವು ಬೊಂಬಾಯಿಯಲ್ಲಿ ರಿಜಿಸ್ಟ್ರಿ ಮಾಡಿದ್ದು. ಅವರು ಸಾಯುವ ತನಕ ನಾನು ಬೆಂಚಿನಲ್ಲಿ ಕೂತವಳೇ."

ಡೆಬೊರಾಳಿಗೆ ಇದು ಗೊತ್ತಿರಲಿಲ್ಲ. "ಕಷ್ಟ ಆಗ್ಲಿಲ್ವಾ ಮಾವ್ಶಿ?"

"ಪಕ್ಕದವರು ಪ್ರಸಾದಕ್ಕೆ ಹೋಗುವಾಗ ಮೊಣಕಾಲು ಮಡಚಿ ದಾರಿ ಬಿಡ್ಬೇಕಲ್ಲ. ಅದೊಂದು ಕಷ್ಟ. ಅದಕ್ಕಿಂತ ಹೆಚ್ಚು ಎಂತದೂ ಇಲ್ಲ. ಮನೆಗೆ ಬಂದು ಇಬ್ಬರೂ ಗಂಜಿ ಊಟ ಮಾಡ್ತಿದ್ವಿ. ಅವರು ಹೋದ ಮೇಲೆ ಪಾಪನಿವೇದನೆ ಮಾಡಿ ಪ್ರಸಾದ ತಗೊಂಡೆ. ನಾಲಗೆಗೆ ರುಚಿ ಮರೆತೇ ಹೋಗಿತ್ತು. ಅವತ್ತು ಅತ್ತದ್ದು ನಾನು. ಯಾಕೆ ಅಂತ ಕೇಳ್ಬೇಡ, ದೇವರು ಸಿಕ್ಕಿದ್ದಕ್ಕಾ, ಅವರು ಇಲ್ಲದ್ದಕ್ಕಾ, ನನಗೇ ಗೊತ್ತಿಲ್ಲ."

ಕೈ ತೊಳೆದು ಬಂದು ಅವಳ ತಲೆಯನ್ನು ತಮ್ಮ ಹೊಟ್ಟೆಗೆ ಒತ್ತಿ ಹಿಡಿದರು.

"ಒಂದು ಮಾತು, ಬಾಯೆ. ಲೂರ್ದ್ ನನ್ನನ್ನು ಕೇಳಿದ್ರು. ರೊಸಲಿನ್, ಬೆಂಚಿನಲ್ಲಿ ಕೂರ್ಲಿಕ್ಕೆ ತಯಾರಿದ್ದೀಯಾ ಅಂತ. ಕೇಳಿದ್ದಕ್ಕೆ ನಾನು ಹೂಂ ಅಂದದ್ದು. ನಿನ್ನವನು ಕೇಳಿದ್ನಾ?"

ಇಲ್ಲ. ಅವನು ಕೇಳಿರಲಿಲ್ಲ. ಅವಳ ಪರವಾಗಿ ತಾನೇ ಉತ್ತರ ಕೊಟ್ಟುಕೊಂಡಿದ್ದ.

ಅವಳು ಕಂಪನಿಯವರಿಗೆ ಹೇಳಿ ಮಸ್ಕತ್ತಿನ ಬ್ರಾಂಚಿಗೆ ವರ್ಗ ತೆಗೆದುಕೊಂಡಳು. ಒಂದು ಪ್ರಶ್ನೆಗೆ ಎಷ್ಟು ಕಾಯಬಹುದೋ ಅಷ್ಟು ಕಾದಿದ್ದಳು.

*

ಹೊರಡುವ ಮುಂಚಿನ ಶನಿವಾರ, ಸೆಪ್ಟೆಂಬರಿನ ಜಿಗುಟು ಮಧ್ಯಾಹ್ನದಲ್ಲಿ, ಅಂಗಡಿಯ ಬಾಗಿಲು ತಳ್ಳಿ ಒಳಗೆ ಬಂದಳು. ಝಿಯಾಉದ್ದೀನ್ ಅವಳ ಮುಖ ನೋಡಿದರು, ಒಳಗಿನ ಕೋಣೆಯ ಕಡೆ ನೋಡಿದರು, ಟೋಪಿ ಎತ್ತಿಕೊಂಡರು.

"ನಾನು ನಮಾಜಿಗೆ ಹೋಗಿ ಬರ್ತೇನಮ್ಮ. ಇವತ್ತು ಸ್ವಲ್ಪ ತಡ ಆಗ್ತದೆ." ಬಾಗಿಲಲ್ಲಿ ನಿಂತು, ಮೊದಲ ಸಲ ತಮಾಷೆಯಿಲ್ಲದ ದನಿಯಲ್ಲಿ ಹೇಳಿದರು, "ಅಲ್ಲಾಹ್ ಇಬ್ಬರಿಗೂ ಒಳ್ಳೇದು ಮಾಡ್ಲಿ."

ಆಸ್ವಾಲ್ಡ್ ಎದ್ದು ನಿಂತ. ಅವನು ಮೇಜಿನ ಕೆಳಗಿನ ಖಾನೆ ಎಳೆದು, ತೇವ ಹೀರುವ ಸಿಲಿಕಾ ಪೊಟ್ಟಣಗಳ ನಡುವೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಲೆನ್ಸನ್ನು ತೆಗೆದ. ಅವಳೆದುರು ಇಟ್ಟ.

"ಇದನ್ನು ಒರೆಸಿ ಕೊಡು."

ಅವಳು ಮುಚ್ಚಳ ತೆಗೆದಳು.

ಗಾಜಿನ ನಡುವೆ ಒಂದು ಹೆಬ್ಬೆರಳಿತ್ತು. ಒಣಗಿ ಬೂದುಬಣ್ಣಕ್ಕೆ ತಿರುಗಿದ ತೆಂಗಿನ ಹಾಲು, ಎಣ್ಣೆ. ಗೆರೆಗೆರೆಯೂ ಸ್ಪಷ್ಟ. ನೀಲಿ ಟಾರ್ಪಾಲು, ಬಾಗಿಲ ಮ್ಯಾನೇಜರ್, ಮುಖ ತಪ್ಪಿಸಿದ ಜಾನಿಸ್, ಎಲ್ಲವೂ ಒಮ್ಮೆಲೇ ಕಣ್ಣೆದುರು ಬಂದವು.

"ಸರಿ ಉಂಟು ಅಂದಿದ್ರಿ."

"ನನಗೆ ಸರಿಯೇ ಇತ್ತು."

ಅವಳು ಕೂತಳು. ಬ್ಲೋವರ್ ಎತ್ತಿಕೊಂಡಳು. ಗಾಳಿ, ಆಮೇಲೆ ಬ್ರಶ್. ಹನಿ ಟಿಶ್ಯೂವಿನ ಮೇಲೆ. ನಡುವಿನಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ಅಂಚಿಗೆ. ಅವನು ಕಲಿಸಿದ ಹಾಗೆಯೇ, ಒತ್ತಡವಿಲ್ಲದ ಬೆರಳಿನಿಂದ. ಹಾಲು ಹೋಯಿತು. ಎಣ್ಣೆ ಹೋಯಿತು. ಇನ್ನೊಂದು ಟಿಶ್ಯೂ ತೆಗೆದುಕೊಂಡು ಮತ್ತೊಮ್ಮೆ ಸುತ್ತಿದಳು. ಗಾಜು ಶುಭ್ರವಾಯಿತು. ಅವಳು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

ನೇರಳೆಯ ನಡುವೆ ಹೆಬ್ಬೆರಳು ಹಾಗೆಯೇ ಇತ್ತು. ಗಾಜಿನ ಮೇಲಲ್ಲ ಈಗ, ಕೋಟಿಂಗಿನೊಳಗೇ. ಪಾರಿವಾಳದ ಕೊರಳಿನ ಬಣ್ಣ ಅಲ್ಲಿ ಮಾತ್ರ ಮಾಸಿ, ಅವಳ ಬೆರಳಿನ ಒಂದೊಂದು ಗೆರೆಯನ್ನೂ ಹಿ​ಡಿದುಕೊಂಡಿತ್ತು.

"ಹೋಗೋದಿಲ್ಲ" ಎಂದಳು.

"ಗೊತ್ತು."

"ಬೆವರಿನ ಹುಳಿ ಕೋಟಿಂಗನ್ನು ತಿಂದಿದೆ. ಅವತ್ತೇ ಒರೆಸಿದ್ರೆ ಹೋಗ್ತಿತ್ತು."

"ಗೊತ್ತು, ಡೆಬೊರಾ." ಅವನ ದನಿ ಒಣಗಿತ್ತು. "ಮೊದಲು ಜರಿಗೇ ಹೆದರಿದ್ದು ನಾನು. ಮನೆಗೆ ಹೋಗಿ ಒರೆಸುವಾ ಅಂತ ಕೂತೆ. ದೀಪದ ಕೆಳಗೆ ಇಟ್ಟು ನೋಡಿದೆ. ಆಗ್ಲಿಲ್ಲ. ನಾಳೆ ಒರೆಸುವಾ ಅಂದ್ಕೊಂಡೆ. ಮತ್ತೆ ನೀನು ಅಂಗಡಿಗೆ ಬಂದಿ."

"ಈಗ ಯಾಕೆ ನನ್ನ ಕೈಯಲ್ಲಿ ಒರೆಸಿಸಿದ್ದು?"

"ಬಾಯಲ್ಲಿ ಹೇಳಿದ್ರೆ ನೀನು ನಂಬ್ತಿರ್ಲಿಲ್ಲ. ಇಷ್ಟು ದಿನ ಹೇಳದೆ ಇದ್ದವನು. ನೀನೇ ಒರೆಸಿ ನೋಡ್ಬೇಕಿತ್ತು."

ಲೆನ್ಸ್ ಅವಳ ಕೈಯಲ್ಲಿ ಬೆಚ್ಚಗಾಗಿತ್ತು. ಅವಳು ಅಳಲಿಲ್ಲ. ಸಿಟ್ಟು ಬಂತು. ಸಿಟ್ಟಿನ ಅಡಿಯಲ್ಲಿ, ಇನ್ನೊಂದು.

"ನೀವು ನನಗೆ ಕಾಯ್ಲಿಕ್ಕೆ ಹೇಳಿದ್ರಿ. ಕಾದ್ರೆ ತಾನಾಗಿ ಹೋಗ್ತದೆ ಅಂದ್ರಿ. ಹೋಗೋದು ಮಂಜು, ಆಸ್ವಾಲ್ಡ್. ಬೆರಳು ಹೋಗೋದಿಲ್ಲ. ಕಾದಷ್ಟೂ ಒಳಗೆ ಇಳೀತದೆ. ಇಬ್ಬರಿಗೂ ಗೊತ್ತಿರುವ ಕೆಲಸ ಇದು. ಇಬ್ಬರಿಗೂ ಹೊಳೀಲಿಲ್ಲ."

ಅವನು ಬ್ಲೋವರನ್ನು ಅದರ ಜಾಗದಲ್ಲಿಟ್ಟ.

"ರೊಸಲಿನ್ ಮಾವ್ಶಿ ಬೆಂಚಿನಲ್ಲಿ ಕೂತಿದ್ರಂತೆ. ಅದರಿಂದ ಏನೂ ಆಗ್ಲಿಲ್ಲ ಅಂದ್ರು."

"ನಾನು ನೋಡಿದ್ದೇನೆ" ಎಂದ. "ದುಬೈಗೆ ಹೊಸದಾಗಿ ಬಂದಾಗ. ನಾನು ಪ್ರಸಾದಕ್ಕೆ ಹೋಗುವಾಗ ಅವರು ಮೊಣಕಾಲು ಮಡಚಿ ದಾರಿ ಬಿಟ್ರು. ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಹಿಡ್ಕೊಂಡು, ನನ್ನ ಬೂಟು ತಾಗದ ಹಾಗೆ. ಅವರು ಯಾರಂತ ನನಗೆ ಗೊತ್ತಿರ್ಲಿಲ್ಲ. ಆ ಮೊಣಕಾಲು ಮರೀಲಿಕ್ಕೆ ಆಗೋದಿಲ್ಲ ನನಗೆ. ಅಲ್ಲಿ ನಿನ್ನನ್ನು ಇಟ್ಟು ನೋಡ್ತೇನೆ. ಪ್ರತಿ ಸಲ."

ಅದೇ ಮೊಣಕಾಲು. ಅದನ್ನು ಮಡಚಿದ ಹೆಂಗಸು ಮನೆಗೆ ಹೋಗಿ ಗಂಡನೊಡನೆ ಗಂಜಿ ಉಂಡದ್ದನ್ನು ಅವನು ನೋಡಿರಲಿಲ್ಲ. ಅದನ್ನು ಹೇಗೆ ತೋರಿಸುವುದೆಂದು ಅವಳಿಗೆ ತಿಳಿಯಲಿಲ್ಲ.

"ಈಗ್ಲೂ ಕೇಳ್ಬಹುದು ನೀವು" ಎಂದಳು. ದನಿ ತೀರ ಸಣ್ಣದಾಗಿತ್ತು. "ಕೂರ್ತೀಯಾ ಅಂತ ಒಮ್ಮೆ ಕೇಳಿದ್ರೆ ಸಾಕು. ಉತ್ತರ ನಾನು ಕೊಡ್ತೇನೆ."

ಅವನು ಉಸಿರು ಹಿಡಿದ, ಕ್ಲಿಕ್ ಮಾಡುವ ಮುಂಚೆ ಹಿಡಿಯುವ ಹಾಗೆ. ಅವಳು ಆ ಉಸಿರಿಗಾಗಿ ಕಾದಳು. ತುಟಿ ತೆರೆಯಿತು. ಕಣ್ಣು ತುಂಬಿತು. ಆಮೇಲೆ ಉಸಿರು ಹಾಗೆಯೇ ಹೊರಗೆ ಹೋಯಿತು, ಒಂದು ಅಕ್ಷರವನ್ನೂ ಜೊತೆಗೆ ಕರೆದುಕೊಳ್ಳದೆ.

ಅವಳು ಲೆನ್ಸಿಗೆ ಮುಚ್ಚಳ ಹಾಕಿದಳು. ಬಟ್ಟೆಯಲ್ಲಿ ಸುತ್ತಿದಳು. ಸಿಲಿಕಾ ಪೊಟ್ಟಣಗಳ ನಡುವೆ ಇಟ್ಟು ಖಾನೆ ತಳ್ಳಿದಳು.

"ಈ ಪೊಟ್ಟಣ ಹಳತಾಗಿದೆ. ಬದಲಾಯಿಸಿ. ಇಲ್ಲದಿದ್ರೆ ಫಂಗಸ್ ಬರ್ತದೆ."

"ಆಯ್ತು."

"ಬರ್ತೇನೆ."

"ದೇವ್ ಬರೆಂ ಕರುಂ" ಎಂದ ಅವನು, ದೇವರು ಒಳ್ಳೆಯದು ಮಾಡಲಿ ಎಂದು. ಇಷ್ಟು ದಿನ ಅವರ ನಡುವೆ ಕನ್ನಡ, ಇಂಗ್ಲಿಷ್, ಹಿಂದಿ ಎಲ್ಲ ಓಡಾಡಿತ್ತು. ಕೊನೆಯ ಮಾತಿಗೆ ಅವನು ಮನೆಯ ಭಾಷೆಗೆ ಹೋಗಿದ್ದ.

ಬಾಗಿಲು ತಳ್ಳಿ ಹೊರಗೆ ಬಂದಳು. ಕನ್ನಡಕ ಒಮ್ಮೆಲೇ ಬೆಳ್ಳಗಾಯಿತು. ಬೀದಿ ಹೋಯಿತು, ಆಕಾಶ ಹೋಯಿತು. ಕೈ ಮೇಲಕ್ಕೆ ಹೋಗಿ ನಡುವೆ ನಿಂತಿತು. ಅವಳು ಒರೆಸಲಿಲ್ಲ. ಬಿಳಿಯೊಳಗೆ ನಿಂತು, ಕ್ರೀಕಿನ ಕಡೆಯಿಂದ ಬರುವ ಎಂಜಿನ್ನುಗಳ ಸದ್ದು ಕೇಳಿದಳು. ತನಗೆ ತಿಳಿಯದೆಯೇ ಮಾವ್ಶಿಯ ಪದದ ಎರಡನೆಯ ಸಾಲನ್ನು ಗುನುಗುತ್ತಿದ್ದಳು, ಮೊದಲ ಸಾಲು ಹೇಳುವವರು ಯಾರೂ ಇಲ್ಲದೆ.

ಮಂಜು ಅಂಚಿನಿಂದ ಕರಗಿ ನಡುವಿಗೆ ಬಂತು. ಹೋಯಿತು.

ಅವಳು ತಿರುಗಿ ನೋಡಿದಳು. ಅಂಗಡಿಯದು ಬರೀ ಗಾಜಿನ ಬಾಗಿಲು, ಯಾವ ಕೋಟಿಂಗೂ ಇಲ್ಲದ್ದು. ಅದರಲ್ಲಿ ಬಿಸಿಲು ಇತ್ತು, ಬೀದಿ ಇತ್ತು, ಎದುರು ಕಟ್ಟಡದ ಪಾರಿವಾಳಗಳಿದ್ದವು, ಕನ್ನಡಕ ಹಾಕಿದ ಅವಳ ಮುಖ ಕ್ಲಿಪ್ಪಿನ ಸಮೇತ ಇತ್ತು. ಅದರ ಹಿಂದೆ ಅವನು ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವನೊಬ್ಬನೇ ಕಾಣುತ್ತಿರಲಿಲ್ಲ.

ಕೈ ಎತ್ತಿದಳು. ಗಾಜನ್ನು ಮುಟ್ಟದೆ ಇಳಿಸಿದಳು.